ತಿದ್ದಬಾರದ ಫೋಟೊ

ಕನಕಪುರದಲ್ಲಿ ನನ್ನದೊಂದು ಸ್ಟುಡಿಯೋ. ಮದುವೆ, ನಾಮಕರಣದ ಜೊತೆಗೆ ಕೋರ್ಟಿಗೆ ಬೇಕಾದ ಸಾಕ್ಷಿ ಫೋಟೊಗಳನ್ನೂ ತೆಗೆಯುತ್ತೇನೆ. ಮದುವೆಯದನ್ನು ಎಷ್ಟು ತಿದ್ದಿದರೂ ಜನಕ್ಕೆ ಸಾಲದು. ಕೋರ್ಟಿನದನ್ನು ಒಂದು ಚೂರು ತಿದ್ದಿದರೂ ತಪ್ಪು. ಇವೆರಡರ ನಡುವೆ ಸಿಕ್ಕಿಕೊಂಡವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಅದರಲ್ಲೂ ದೊಡ್ಡಆಲಹಳ್ಳಿ ಕಡೆಯ ಒಬ್ಬ ಅವ್ವನ ಗೋಡೆಯದು ಮರೆಯುವಂಥದ್ದಲ್ಲ.

ಪೋಸು

ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸಿ ಸಿಡಿಸಿ ಅವ್ವನ ಮನೆ ಗೋಡೆ ಬಿರುಕು ಬಿಟ್ಟಿತ್ತು. ಕ್ವಾರಿ ಮಾಲೀಕ ಪರಿಹಾರ ಕೊಡಲ್ಲ ಅಂದ. ಅವ್ವ ಕೇಸು ಹಾಕಿದಳು. ಅವಳ ವಕೀಲರು ಫೋಟೊ ತೆಗೆಯಲು ನನ್ನನ್ನು ಕಳಿಸಿದರು. ಹೋಗಿ ನೋಡಿದರೆ ಬಿರುಕೇ ಕಾಣಿಸದು. ಅದರ ಮೇಲೆ ಹೂವಿನ ಬೆಡ್‌ಶೀಟ್ ಇಳಿಬಿಟ್ಟು, ರೇಷ್ಮೆ ಸೀರೆ ಉಟ್ಟು ಅವ್ವ ಮುಂದೆ ನಿಂತಿದ್ದಳು.

"ಅವ್ವಾ, ನಂಗೆ ಬೇಕಿರೋದು ಬಿರುಕು."

"ಫೋಟೊ ಅಂದ್ಮೇಲೆ ಒಡ್ದೋಗಿರೋದ್ನ ತೋರ್ಸಕ್ಕಾಯ್ತದಾ ಮಗ?"

ಬೆಡ್‌ಶೀಟ್ ತೆಗೆಸಿ, ಅಗಲ ಗೊತ್ತಾಗಲೆಂದು ಬಿರುಕಿನ ಪಕ್ಕ ಸ್ಕೇಲು ಹಿಡಿದೆ. "ಗೋಡೆಗೂ ರವಿಕೆ ಹೊಲುಸ್ತೀಯಾ?" ಅಂದಳು.

ಹೊಟ್ಟೆ

ಹೊರಡುವಾಗ ಅವಳ ಅಳಿಯ ಪಕ್ಕಕ್ಕೆ ಕರೆದ. "ಅಣ್ಣ, ಕಂಪ್ಯೂಟರ್ನಾಗೆ ಬಿರುಕು ಒಸಿ ಅಗ್ಲ ಮಾಡ್ಬುಡು. ನನ್ ಮದ್ವೆ ಫೋಟೊದಾಗೆ ನೀನು ನನ್ ಹೊಟ್ಟೇನೇ ಕರಗುಸ್ಬುಟ್ಟಿದ್ದೆ."

"ನಿನ್ ಹೊಟ್ಟೆ ಬಗ್ಗೆ ನಾನು ಕಟಕಟೆ ಹತ್ತಿ ಪ್ರಮಾಣ ಮಾಡ್ಬೇಕಾಗಿಲ್ಲ ಕಣಪ್ಪ. ಇದಕ್ಕೆ ಮಾಡ್ಬೇಕು. ಸಿಕ್ಕಿಬಿದ್ರೆ ಇರೋ ಬಿರುಕನ್ನೂ ಯಾರೂ ನಂಬಲ್ಲ."

ಅವನು ಹೊಟ್ಟೆ ಸವರಿಕೊಂಡು ಯೋಚಿಸಿದ. "ಹಂಗಾರೆ ಹೊಟ್ಟೆ ವಿಷ್ಯ ಮಾತ್ರ ಅಲ್ಲಿ ಎತ್ಬ್ಯಾಡ ಕಣಣ್ಣ."

ಪಾಟೀಸವಾಲು

ಕೇಸು ವಿಚಾರಣೆಗೆ ಬರುವಷ್ಟರಲ್ಲಿ, ಬೀಳುವಂತಿದ್ದ ಆ ಗೋಡೆಯನ್ನು ಕೆಡವಿಸಿದ್ದರು. ಉಳಿದದ್ದು ನನ್ನ ಫೋಟೊ ಒಂದೇ. ಅದನ್ನು ನಂಬದಿದ್ದರೆ ಅವ್ವನಿಗೆ ಹೊಸ ಗೋಡೆ ಇಲ್ಲ.

ಮಾಲೀಕನ ವಕೀಲರು ಕೇಳಿದರು: "ಮದುವೆ ಫೋಟೊ ತಿದ್ದುತ್ತೀರಾ?"

"ತಿದ್ದುತ್ತೇನೆ ಸಾರ್."

"ಹಾಗಾದರೆ ಇದನ್ನೂ ತಿದ್ದಿದ್ದೀರಿ."

ಇಲ್ಲ ಅಂದೆ. ನನ್ನ ದನಿ ನನಗೇ ಸಪ್ಪೆ ಅನಿಸಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅವ್ವ ಎದ್ದಳು.

"ಸ್ವಾಮಿ, ಇವ್ನಾ ತಿದ್ದೋನು? ಪಾಸ್‌ಬುಕ್ಕಿಗೆ ಫೋಟೊ ತೆಗುಸ್ದಾಗ ಈ ಉಬ್ಬಲ್ಲು ಒಸಿ ಒಳಿಕ್ ತಳ್ಳು ಮಗ ಅಂತ ಗೋಗರೆದೆ. ಗುರ್ತಿನ ಫೋಟೊ, ತಿದ್ದಂಗಿಲ್ಲ ಅಂದ್ಬುಟ್ಟ. ನೋಡಿ, ಹಂಗೇ ಐತೆ." ಎಲೆಅಡಿಕೆ ಚೀಲದಿಂದ ಪಾಸ್‌ಬುಕ್ ತೆಗೆದು ಎತ್ತಿ ಹಿಡಿದು, ಪಕ್ಕದಲ್ಲೇ ಬಾಯಿ ಅಗಲಿಸಿ ತೋರಿಸಿದಳು.

ಜಡ್ಜ್ ಸಾಹೇಬರು ನಗು ತಡೆದುಕೊಂಡು ಅವಳನ್ನು ಕೂರಿಸಿದರು. ಅವಳ ಮಾತು ದಾಖಲಾಗಲಿಲ್ಲ, ಆದರೆ ನನಗೆ ಧೈರ್ಯ ಬಂತು. ಕ್ಯಾಮೆರಾದ ಮೂಲ ಫೈಲ್ ತೋರಿಸಿ ವಿವರಿಸಿದೆ. ಫೋಟೊ ಸಾಕ್ಷಿಯಾಗಿ ನಿಂತಿತು, ಅವ್ವನಿಗೆ ಪರಿಹಾರವೂ ಸಿಕ್ಕಿತು.

ನನ್ನ ಕೆಲಸವನ್ನು ಅಷ್ಟು ನಂಬಿ ಅದುವರೆಗೆ ಯಾರೂ ಮಾತಾಡಿರಲಿಲ್ಲ. ತೀರ್ಪಿನ ದಿನ ಹೊರಗೆ ಬಂದು ಮನಸಾರೆ ಕೈ ಮುಗಿದೆ. "ಅವ್ವಾ, ನಿನ್ನ ಉಪಕಾರ ಮರೆಯಲ್ಲ."

"ಉಪಕಾರ ಇರ್ಲಿ. ಕೇಸು ಮುಗೀತಲ್ಲ, ಈಗ್ಲಾದ್ರೂ ಆ ಹಲ್ಲು ಒಸಿ ಒಳಿಕ್ ತಳ್ಬುಡು ಮಗ."