ಕಮಿಟಿಯವರ ಎಳನೀರು

ಜೀವವಿಜ್ಞಾನವನ್ನು ಅತ್ಯುತ್ತಮವಾಗಿ ಬೋಧಿಸುವ ಅಧ್ಯಾಪಕರನ್ನು ಗುರುತಿಸಿ ಗೌರವಿಸಲಾಗುವುದು ಎಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಪಾಪ, ನನ್ನನ್ನು ಹುಡುಕುವುದಕ್ಕೆ ಅವರಿಗೆ ಇಷ್ಟು ವರ್ಷ ಹಿಡಿಯಿತಲ್ಲ ಅನಿಸಿತು! ಕಡೂರಿನಿಂದ ದಿನಾ ತರೀಕೆರೆಗೆ ಹೋಗಿ, ಅಲ್ಲಿನ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಸ್ಯಶಾಸ್ತ್ರ ಹೇಳಿ ಬರುತ್ತಿದ್ದೇನೆ. ಶಾಲು, ಫಲಕ ಹಾಗಿರಲಿ, ಒಂದು ಪೆನ್ನನ್ನೂ ಯಾರೂ ಕೊಟ್ಟಿಲ್ಲ. ಒಳಗೊಳಗೇ ಅದೊಂದು ಸಂಕಟ ಇದ್ದೇ ಇತ್ತು.

ಮನೆಗೆ ಬಂದವನೇ ಷೋಕೇಸಿನ ನಡುವಿನ ಅರೆಯನ್ನು ಖಾಲಿ ಮಾಡತೊಡಗಿದೆ.

"ಅರ್ಜಿ ಹಾಕಿದ್ರಾ?" ಎಂದಳು ಹೆಂಡತಿ ಗಿರಿಜಾ.

"ನಾಳೆ ಹಾಕ್ತೀನಿ ಕಣೇ."

"ಮತ್ತೆ ನನ್ ಪಿಂಗಾಣಿ ಕಪ್ಪು ಇವತ್ತೇ ಯಾಕ್ರೀ ಅಟ್ಟ ಹತ್ತಿಸ್ತಿದೀರ?"

ದೂರದೃಷ್ಟಿ ಇಲ್ಲದವರ ಜೊತೆ ನಾನು ವಾದ ಮಾಡುವುದಿಲ್ಲ.

ಅರ್ಜಿಯ ಜೊತೆ ವಿದ್ಯಾರ್ಥಿಗಳ ಅಭಿಪ್ರಾಯವೂ ಬೇಕಿತ್ತು. ಅವರು ಯಾವ ಒತ್ತಡಕ್ಕೂ ಒಳಗಾಗದೆ ಬರೆಯಲಿ ಎಂದು ಪಕ್ಕದಲ್ಲೇ ನಿಂತು ನೋಡಿಕೊಂಡೆ. "ಸರ್ ಪಾಠ ಕೇಳಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ" ಎಂದು ಒಬ್ಬ ಬರೆದ. ಮೂರು ವರ್ಷದಿಂದ ತರಗತಿಯಲ್ಲಿ ಬಾಯಿ ಬಿಡದ ಶ್ವೇತಾ ಬಹಳ ಹೊತ್ತು ಯೋಚಿಸಿ, "ಸರ್ ಯಾರನ್ನೂ ಬಯ್ಯುವುದಿಲ್ಲ" ಎಂದಷ್ಟೇ ಬರೆದಳು. ಎರಡನ್ನೂ ಹೊಗಳಿಕೆ ಎಂದೇ ತೆಗೆದುಕೊಂಡೆ.

ಹದಿನೈದು ದಿನಕ್ಕೆ ಪತ್ರ ಬಂತು. ಮೂವರ ಕಮಿಟಿ ಖುದ್ದಾಗಿ ಬಂದು ನನ್ನ ಪಾಠ ನೋಡುತ್ತದಂತೆ!

ಪಾಠಕ್ಕೆ ತೆಂಗಿನಕಾಯಿಯನ್ನೇ ಆರಿಸಿಕೊಂಡೆ. ಮೊಳಕೆಗೆ ಆಹಾರವಾಗುವ ಎಂಡೋಸ್ಪರ್ಮ್ ತೆಂಗಿನಲ್ಲಿ ಮೊದಲು ನೀರಾಗಿರುತ್ತದೆ, ಆಮೇಲೆ ಕಾಯಿಯಾಗುತ್ತದೆ. ಇದನ್ನು ಹಂತ ಹಂತವಾಗಿ ಕಣ್ಣೆದುರೇ ಕತ್ತರಿಸಿ ತೋರಿಸಿದರೆ ಕಮಿಟಿ ಬೆರಗಾಗಬೇಕು! ಸಖರಾಯಪಟ್ಟಣದ ಗಿರಿಜಾಳ ತವರಿನ ತೋಟಕ್ಕೆ ಹೋಗಿ, ಒಂದಕ್ಕಿಂತ ಒಂದು ಬಲಿತ ಆರು ಎಳನೀರು ಕೀಳಿಸಿದೆ. ಪ್ರತಿಯೊಂದರ ತಲೆಯ ಮೇಲೂ ಮಾರ್ಕರಿನಲ್ಲಿ ನಂಬರ್ ಬರೆದೆ. ಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಕಾಲೇಜಿಗೆ ತಂದು, ನಮ್ಮ ಲ್ಯಾಬ್ ಅಟೆಂಡರ್ ಕಲ್ಲೇಶಪ್ಪನವರ ವಶಕ್ಕೆ ಒಪ್ಪಿಸಿದೆ. ಅವರು ನಿವೃತ್ತಿಗೆ ಎರಡು ವರ್ಷ ಉಳಿದಿರುವ ನಂಬಿಗಸ್ತ ಮನುಷ್ಯ.

"ಕಲ್ಲೇಶಪ್ಪನೋರೇ, ಇವು ನಾಳೆ ಬರೋ ಕಮಿಟಿಯೋರಿಗೆ. ಒಂದೂ ಕಮ್ಮಿಯಾಗ್ಬಾರ್ದು."

"ನೀವ್ ಚಿಂತೆ ಬಿಡಿ ಸಾರ್" ಎಂದರು.

ಚಿಂತೆ ಬಿಟ್ಟೆ. ನಾನು ಮಾಡಿದ ತಪ್ಪೇ ಅದು.

ಮರುದಿನ ಕಮಿಟಿ ಬಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತಿತು. ನನ್ನನ್ನೂ ಕರೆದರು. ಎಲ್ಲರಿಗೂ ಎಳನೀರು ಬಂತು. ಟೀಯಲ್ಲೇ ಮುಗಿಸುವ ನಮ್ಮ ಪ್ರಿನ್ಸಿಪಾಲರು ನನಗೋಸ್ಕರ ಎಳನೀರು ತರಿಸಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ನಾನೂ ಒಂದು ಕುಡಿದೆ.

"ಸ್ವಲ್ಪ ಒಗರು, ಆದ್ರೂ ತಂಪಾಗಿದೆ" ಎಂದರು ಅಧ್ಯಕ್ಷೆ. ಅವರು ಹಿರಿಯ ಪ್ರೊಫೆಸರ್.

"ನಮ್ ಕಡೆ ಎಳನೀರೇ ಹಾಗೆ ಮೇಡಂ!" ಎಂದು ಹೆಮ್ಮೆಯಿಂದ ಹೇಳಿದೆ.

ತರಗತಿ ಶುರುವಾಯಿತು. ಮೊದಲು ಹನ್ನೊಂದು ಸ್ಲೈಡು ತೋರಿಸಿದೆ. ಹುಡುಗರಿಗೆ ಎಂದಿನ ಶಾಂತಿ ಆವರಿಸಿತು. ಕಮಿಟಿಯ ಒಬ್ಬ ಸದಸ್ಯರಿಗೂ ಆವರಿಸಿತು. ಇದೇ ಸಮಯ ಎಂದು, "ಈಗ ನಿಸರ್ಗವೇ ನಿಮಗೆ ಪಾಠ ಹೇಳಲಿದೆ!" ಎಂದು ಮೇಜಿನ ಮೇಲಿನ ಬಟ್ಟೆ ಸರಕ್ಕನೆ ಎಳೆದೆ.

ಬಟ್ಟೆಯ ಕೆಳಗೆ ಮಚ್ಚು ಒಂದೇ ಇತ್ತು.

"ಕಲ್ಲೇಶಪ್ಪನೋರೇ, ಎಳನೀರು ಎಲ್ರೀ?"

ಬಾಗಿಲಲ್ಲಿ ನಿಂತಿದ್ದ ಕಲ್ಲೇಶಪ್ಪನವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಎಲ್ಲಿ ಅಂದ್ರೆ? ಕುಡಿದ್ರಲ್ಲ ಸಾರ್! ಕಮಿಟಿಯೋರ್ಗೆ ಮೂರು, ಪ್ರಿನ್ಸಿಪಾಲ್ರಿಗೊಂದು, ನಿಮಗೊಂದು, ಕಾರ್ ಡ್ರೈವರ್‌ಗೊಂದು. ನೀವೇಳ್ದಂಗೆ ಒಂದೂ ಕಮ್ಮಿಯಾಗ್ಲಿಲ್ಲ."

ನನ್ನ ಪ್ರಶಸ್ತಿಗೆ ನಾನೇ ಸ್ಟ್ರಾ ಹಾಕಿ ಹೀರಿದ್ದೆ! ತಲೆಯ ಮೇಲೆ ನಂಬರ್ ಬರೆದರೆ, ತಲೆ ಕೊಚ್ಚಿದ ಮೇಲೆ ನಂಬರ್ ಎಲ್ಲಿರುತ್ತದೆ? ಹುಡುಗರೆಲ್ಲ ಎಚ್ಚರವಾಗಿಬಿಟ್ಟರು. ನನಗೆ ನಾಲಿಗೆ ಒಣಗಿತು. ಆಗಷ್ಟೇ ಎಳನೀರು ಕುಡಿದಿದ್ದರೂ!

ಕಲ್ಲೇಶಪ್ಪನವರಿಗೆ ನನ್ನ ಮುಖ ನೋಡಿ ಕರುಳು ಚುರುಕ್ ಎಂದಿರಬೇಕು. "ಬುರುಡೆ ಹಿಂದ್ಗಡೆನೇ ಅದಾವೆ, ತಡೀರಿ" ಎಂದು ಆರನ್ನೂ ತಬ್ಬಿಕೊಂಡು ತಂದರು. ಮಚ್ಚು ತೆಗೆದುಕೊಂಡು ಟಪ್ ಟಪ್ ಎಂದು ಸೀಳಿ, ಎಳೆಯದರಿಂದ ಬಲಿತದ್ದರವರೆಗೆ ಸಾಲಾಗಿ ಜೋಡಿಸಿದರು. ನಂಬರ್ ಗಿಂಬರ್ ಏನೂ ಬೇಕಾಗಲಿಲ್ಲ.

"ನೋಡ್ರಪ್ಪಾ, ಇದ್ರಲ್ಲಿ ಬರೀ ನೀರಿತ್ತು, ಒಳಗೆ ಏನೂ ಕಟ್ಟಿಲ್ಲ. ಅದ್ಕೇ ಮೇಡಮ್ನೋರ್ಗೆ ಒಗರಾಗಿದ್ದು. ಇದ್ರಲ್ಲಿ ತೆಳ್ಳಗೆ ಗಂಜಿ. ಇದ್ರಲ್ಲಿ ಉಗುರಲ್ಲಿ ಕೆರೆದ್ರೆ ಬರುತ್ತೆ. ಇದು ಹೆಚ್ಚುಕಮ್ಮಿ ಕಾಯಿ."

ಬೆಂಚುಗಳೆಲ್ಲ ಖಾಲಿಯಾದವು, ಹುಡುಗರು ಮೇಜಿನ ಸುತ್ತ ಮುತ್ತಿಕೊಂಡರು. ಆಗ ಶ್ವೇತಾ ಬಾಯಿ ಬಿಟ್ಟಳು!

"ಕಲ್ಲೇಶಣ್ಣ, ಕಾಯಿ ಬಲಿತಂಗೆ ಒಳಗಿನ ನೀರು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಕಣವ್ವ. ಆ ನೀರಲ್ಲಿರೋದೇ ಅಂಚಿಗೆ ಹತ್ಕೊಂಡು ಗಂಜಿಯಾಗುತ್ತೆ, ಗಂಜಿ ಬಲಿತು ಕಾಯಾಗುತ್ತೆ."

ನನ್ನ ಹನ್ನೊಂದು ಸ್ಲೈಡಿನಲ್ಲಿದ್ದದ್ದೂ ಇಷ್ಟೇ. ಅಧ್ಯಕ್ಷೆ ಪುಸ್ತಕ ತೆಗೆದು ಏನೋ ಬರೆದುಕೊಂಡರು. ನನಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ಸುಮ್ಮನೆ ಒಂದೊಂದೇ ಬುರುಡೆ ಎತ್ತಿಕೊಡುತ್ತಾ ನಿಂತೆ.

ತಿಂಗಳಾದ ಮೇಲೆ ವರದಿ ಬಂತು. ಪ್ರಶಸ್ತಿ ಬೇರೆ ಯಾರಿಗೋ ಹೋಗಿತ್ತು. ಗಿರಿಜಾ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು: "ತರಗತಿಯ ಕೊನೆಯ ಇಪ್ಪತ್ತು ನಿಮಿಷ ಬೋಧನೆ ಅತ್ಯುತ್ತಮವಾಗಿತ್ತು. ಈ ಅವಧಿಯಲ್ಲಿ ಅರ್ಜಿದಾರರು ಮೌನವಾಗಿದ್ದರು."

"ನಾನು ಮದುವೆಯಾದಾಗಿಂದ ಇದನ್ನೇ ಹೇಳ್ತಿದೀನಿ ಕಣ್ರೀ!" ಎಂದು ನಗುತ್ತಾ ಅಟ್ಟದಿಂದ ಕಪ್ಪುಗಳನ್ನು ಇಳಿಸಿಕೊಂಡಳು.

ಈಗ ತೆಂಗಿನ ಪಾಠ ಬಂದರೆ ಹುಡುಗರು ನನ್ನನ್ನು ಕಾಯುವುದಿಲ್ಲ, ಕಲ್ಲೇಶಪ್ಪನವರನ್ನು ಕರೆತರುತ್ತಾರೆ. ಅವರು ಮಚ್ಚು ಹಿಡಿಯುತ್ತಾರೆ, ನಾನು ಪಕ್ಕದಲ್ಲಿ ನಿಂತು ಎತ್ತಿಕೊಡುತ್ತೇನೆ. ಮೊನ್ನೆ ಪಾಠ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳಿದರು:

"ಸಾರ್, ಎತ್ಕೊಡೋದ್ರಲ್ಲಿ ನಿಮ್ಮಂಗೆ ಯಾರೂ ಇಲ್ಲ ಬಿಡಿ."

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಇಡುವುದಕ್ಕೆ ಷೋಕೇಸಿನಲ್ಲಿ ಜಾಗವಿಲ್ಲ ಅಷ್ಟೇ!