ನಾಲ್ಕನೆಯ ಕಂಡಿಕೆಗೆ ಉತ್ತರ

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಪ್ರಬಂಧ ಬರೆಯುವುದು ನನಗೆ ಇದೇ ಮೊದಲು. ಈವರೆಗೆ ಬರೆದದ್ದೆಲ್ಲ ಅರ್ಜಿಗಳೇ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ನಲ್ಲಿ ನಿಂತರೆ ಮುನಿಸಿಪಾಲಿಟಿಗೆ ಮರಾಠಿಯಲ್ಲಿ, ಯಾರದೋ ಊರಿನ ಪಹಣಿಯಲ್ಲಿ ಹೆಸರು ತಪ್ಪಿದರೆ ತಾಲ್ಲೂಕು ಕಚೇರಿಗೆ ಕನ್ನಡದಲ್ಲಿ ನಾನೇ ಬರೆಯಬೇಕು. ಮದುವೆಗೆ ಮೊದಲು ಸುಮತಿಗೆ ಬರೆದ ಪತ್ರದಲ್ಲಿಯೂ ‘ವಿಷಯ’, ‘ಉಲ್ಲೇಖ’ ಎಂದು ನಮೂದಿಸಿದ್ದೆ. ಅವಳು ಇಂದಿಗೂ ಅದನ್ನು ಮರೆತಿಲ್ಲ. ಆದ್ದರಿಂದ ಶೈಲಿಯಲ್ಲಿ ಲೋಪ ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಪ್ರಸ್ತುತ ವಿಷಯವೇನೆಂದರೆ, ನಾನು ಲೆಕ್ಕ ಬರೆಯುತ್ತಿದ್ದ ಸಾಂತಾಕ್ರೂಜಿನ ಹೋಟೆಲು ದುರಸ್ತಿಗೆಂದು ಮುಚ್ಚಿತು. ದುರಸ್ತಿ ಮುಗಿಯಲಿಲ್ಲ, ನನ್ನ ಸಂಬಳ ನಿಂತಿತು, ಅದರ ಹಿಂದೆಯೇ ಬಾಡಿಗೆಯೂ ನಿಂತಿತು. ಮನೆಯ ಮಾಲಕರಾದ ಭೋಜಣ್ಣ ನಮ್ಮ ಉಡುಪಿ ಕಡೆಯವರೇ. ಕಾದು ಕಾದು ಸಾಕಾಗಿ, ಕೋರ್ಟಿಗೆ ಹೋಗಿ ಖಾಲಿ ಮಾಡಿಸುವ ಆದೇಶ ತಂದರು. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗಾದರೂ ಸದರಿ ಆದೇಶವನ್ನು ತಡೆಹಿಡಿಯಬೇಕೆಂದು ನಾನು ಅರ್ಜಿ ಹಾಕಿದೆ. ಶಾಲೆ ಚಾಳಿನ ಹಿಂದೆಯೇ ಇತ್ತು. ನಮಗೆ ಬೇರೆ ಸೂರಿಲ್ಲವೆಂದು ನಾಲ್ಕನೆಯ ಕಂಡಿಕೆಯಲ್ಲಿ ಮನಕರಗುವಂತೆ ಬರೆದಿದ್ದೆ.

ಅದರ ನಕಲು ಹಿಡಿದು ಭೋಜಣ್ಣ ನಮ್ಮ ಮನೆಗೇ ಬಂದರು. “ಇದಕ್ಕೆ ಜವಾಬು ಬರೆದು ತನ್ನಿ, ಟೈಪ್ ಮಾಡಿಸ್ತೇನೆ ಅಂದ್ರು ವಕೀಲರು. ನನಗೆ ಬರೀಲಿಕ್ಕೆ ಎಲ್ಲಿ ಬರ್ತದೆ ಮಾರಾಯ? ನೀನೇ ಬರೆದು ಕೊಡು.”

“ಭೋಜಣ್ಣ, ಅದು ನನ್ನ ವಿರುದ್ಧದ ಜವಾಬು.”

“ಮತ್ತೆ? ನಿನ್ನ ವಿಷಯ ನಿನಗಿಂತ ಚೆಂದ ಯಾರಿಗೆ ಗೊತ್ತುಂಟು?”

ಅವರ ಪತ್ರಗಳನ್ನೆಲ್ಲ ಇಷ್ಟು ಕಾಲ ಬರೆದವನು ನಾನೇ. ಸುಮತಿ ಅವರಿಗೆ ಚಹಾ ಕೊಟ್ಟು, ನನ್ನತ್ತ ಕಣ್ಣು ಕೆಕ್ಕರಿಸಿದಳು. ಮೆತ್ತಗೆ ಬರೆದು ಮುಗಿಸುವುದೆಂದು ನಿಶ್ಚಯಿಸಿಯೇ ಪೆನ್ನು ತೆಗೆದೆ. ಆದರೆ ಅರ್ಜಿಗೆ ಉತ್ತರವೆಂದರೆ ಕಂಡಿಕೆವಾರು ಇರಬೇಕು. ಒಂದನ್ನು ಬಿಟ್ಟರೂ ಒಪ್ಪಿಕೊಂಡಂತೆ. ನಾಲ್ಕನೆಯದಕ್ಕೆ ಭೋಜಣ್ಣನ ಬಳಿ ಉತ್ತರವಿರಲಿಲ್ಲ. “ಅದು ಸತ್ಯವೇ ಅಲ್ವಾ, ಪಾಪ. ಬಿಡು” ಎಂದರು. ಅವರು ಬಿಟ್ಟರು, ನಾನು ಬಿಡಲಿಲ್ಲ. ಖಾಲಿ ಜಾಗ ನೋಡಿ ಕೈ ತಡೆಯದೆ, ‘ಅರ್ಜಿದಾರರ ಪತ್ನಿಯ ಸಹೋದರರಿಗೆ ಬೊರಿವಲಿಯಲ್ಲಿ ಸ್ವಂತ ಮನೆಯಿದ್ದು, ಸದರಿಯವರು ಒಬ್ಬರೇ ವಾಸಿಸುತ್ತಿರುವುದರಿಂದ ಈ ವಾದವು ಪರಿಗಣನಾರ್ಹವಲ್ಲ’ ಎಂದು ತುಂಬಿಸಿಬಿಟ್ಟೆ. ಬರೆದ ಮೇಲೆ ಮನಸ್ಸಿಗೆ ಬಹಳ ಸಮಾಧಾನವಾಯಿತು.

ನ್ಯಾಯಾಧೀಶರು ಆ ಕಂಡಿಕೆಯ ಮೇಲೆಯೇ ಬೆರಳಿಟ್ಟು, ಇದು ನಿಜವೇ ಎಂದು ಕೇಳಿದರು. ನಿಜವೆಂದೆ. ಜವಾಬು ಬಹಳ ಸ್ಪಷ್ಟವಾಗಿದೆ ಎಂದರು. ನಾನು ಕೈಮುಗಿದೆ. ಆಮೇಲೆ ನನ್ನ ಅರ್ಜಿಯನ್ನು ವಜಾ ಮಾಡಿದರು. ಹೊರಗೆ ಬಂದಾಗ ಭೋಜಣ್ಣ ನನಗಿಂತ ಹೆಚ್ಚು ಗಾಬರಿಯಾಗಿದ್ದರು. “ಈಗ ಗೆದ್ದದ್ದು ಯಾರು ಮಾರಾಯ?”

“ಎರಡೂ ಕಡೆಗೆ ಬರೆದವರು ನೀವು,” ಎಂದಳು ಸುಮತಿ ಆ ಸಂಜೆ ಮನೆಯಲ್ಲಿ, ಪಾತ್ರೆ ಕಟ್ಟುತ್ತಾ. “ಸೋತದ್ದು ಮಾತ್ರ ನಾನು, ನನ್ನ ಮಗಳು.”

ಈಗ ನಾವು ಬೊರಿವಲಿಯಲ್ಲಿದ್ದೇವೆ. ಮಗಳು ಶಾಲೆಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಪಾಠ ಓದುತ್ತಾಳೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಭಾವಮೈದುನ ಒಳ್ಳೆಯವನು. ಆದರೂ ಮೊನ್ನೆ, “ಭಾವ, ಎಕ್ಸಾಮ್ ತನಕ ಓಕೆ. ಬಾದ್ ಮೇ ಕ್ಯಾ ಪ್ಲಾನ್ ಹೈ?” ಎಂದು ಕೇಳಿದ. ಬಾಯಲ್ಲಿ ಹೇಳಲು ತೋಚದೆ, ವಾಸ್ತವ್ಯದ ಅವಧಿಯನ್ನು ವಿಸ್ತರಿಸಬೇಕೆಂದು ಅವನಿಗೆ ವಿವರವಾದ ಅರ್ಜಿಯೊಂದನ್ನು ಬರೆದುಕೊಟ್ಟೆ. ಅವನಿಗೆ ಕನ್ನಡ ಓದಲು ಬಾರದೆಂಬುದು ಆಮೇಲೆ ನೆನಪಾಯಿತು. ಸುಮತಿ ಓದಿ ಹೇಳುತ್ತಿದ್ದಾಳೆ. ಅವನ ಪರವಾಗಿ ಕಂಡಿಕೆವಾರು ಉತ್ತರವನ್ನೂ ತಾನೇ ಬರೆಯುವುದಾಗಿ ತಿಳಿಸಿರುತ್ತಾಳೆ.