ಸಾವಿನ ಮನೆಗೆ ಹೊತ್ತ ಫ್ಲ್ಯಾಷ್ ಸ್ಟ್ಯಾಂಡು

ಸಾವಿನ ಮನೆಯಲ್ಲಿ ನಗಬಾರದು ಅಂತ ನನಗೆ ಗೊತ್ತು. ನನ್ನ ಫ್ಲ್ಯಾಷ್ ಸ್ಟ್ಯಾಂಡಿಗೆ ಗೊತ್ತಿಲ್ಲ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು, ಮತ್ತೆ ಮತ್ತೆ ಆದರೆ ಏನನ್ನಬೇಕು ನೀವೇ ಹೇಳಿ.

ಚನ್ನಪಟ್ಟಣದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆಗಳನ್ನೆಲ್ಲ ಡ್ರೋನ್ ಇಟ್ಟುಕೊಂಡವರು ಹಾರಿಸಿಕೊಂಡು ಹೋದರು, ನನಗೆ ಉಳಿದದ್ದು ಸಾವು. ನಮ್ಮ ಕಡೆ ಕೆಲವು ಮನೆಗಳಲ್ಲಿ ಮಣ್ಣಿಗೆ ಎತ್ತುವ ಮೊದಲು ಹೋದವರನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿ, ಹಾರ ಹಾಕಿ, ಎಲ್ಲರೂ ಸುತ್ತ ನಿಂತು ಕಡೇ ಫೋಟೋ ತೆಗೆಸುತ್ತಾರೆ. ಶಾಮಿಯಾನದ ಕೆಳಗೆ ಮುಖಕ್ಕೆ ನೆರಳು. ಕ್ಯಾಮೆರಾ ತಲೆ ಮೇಲೇ ಫ್ಲ್ಯಾಷ್ ಸಿಕ್ಕಿಸಿ ಹೊಡೆದರೆ ಸತ್ತವರು ಇನ್ನಷ್ಟು ಸತ್ತಂತೆ ಕಾಣುತ್ತಾರೆ. ಅದಕ್ಕೇ ಫ್ಲ್ಯಾಷನ್ನು ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದೆ ಬಿಳಿ ಕೊಡೆ ಬಿಚ್ಚಿ, ಬೆಳಕನ್ನು ಮೆತ್ತಗೆ ಮಾಡಿ ಬಿಡಬೇಕು. ಕೊಡೆ ಗಾಳಿ ಹಿಡಿಯುತ್ತದೆ, ಸ್ಟ್ಯಾಂಡು ವಾಲುತ್ತದೆ. ಬುಡಕ್ಕೆ ಭಾರ ಬೇಕೇ ಬೇಕು. ಮದುವೆಯಲ್ಲಿ ಬಿದ್ದರೆ "ಇನ್ನೊಂದ್ಸಲ ಹಾರ ಹಾಕಿ ಸ್ವಾಮಿ" ಅನ್ನಬಹುದು. ಇಲ್ಲಿ ಎತ್ತಿಬಿಟ್ಟರೆ ಮುಗಿಯಿತು, ಮತ್ತೊಂದು ಫೋಟೋ ಇಲ್ಲ.

೧. ಮೂಟೆ

ಸಾತನೂರಿನ ಕಡೆ ಒಂದು ಮನೆ. ಭಾರಕ್ಕೆ ಏನಾದರೂ ಕೊಡಿ ಅಂತ ಯಾರನ್ನು ಕೇಳುವುದು? ಎಲ್ಲರೂ ಅಳುತ್ತಿದ್ದಾರೆ. ಜಗಲಿಯ ಮೇಲೆ ಒಂದು ಮೂಟೆ ಕಂಡಿತು. ನಾನೇ ಎಳೆದುತಂದು ಸ್ಟ್ಯಾಂಡಿನ ಕಾಲಿಗೆ ಬಿಗಿಯಾಗಿ ಕಟ್ಟಿದೆ. ಫೋಟೋ ಚೆನ್ನಾಗಿಯೇ ಬಂತು. ಕ್ಯಾಮೆರಾ ಬ್ಯಾಗಿಗೆ ಹಾಕಿ ತಿರುಗಿ ನೋಡುತ್ತೇನೆ, ಸ್ಟ್ಯಾಂಡಿಲ್ಲ!

ಅದು ಗುಂಡಿಗೆ ಹಾಕಲು ತಂದಿದ್ದ ಉಪ್ಪಿನ ಮೂಟೆ. ಹೊರುವವನು ಅವಸರದಲ್ಲಿ ಹಾಗೇ ಹೆಗಲಿಗೇರಿಸಿಕೊಂಡಿದ್ದ. ತಮಟೆಯವರ ಹಿಂದೆ ಮೂಟೆ, ಮೂಟೆಯ ಮೇಲೆ ನನ್ನ ಫ್ಲ್ಯಾಷು, ಅದರ ಮೇಲೆ ಕೊಡೆ. ನಾನು ಓಡಿ ಹಿಡಿಯುವಷ್ಟರಲ್ಲಿ ಗುಂಡಿಯ ಹತ್ತಿರ ಬಂದುಬಿಟ್ಟಿದ್ದರು.

"ಅಲ್ಲಾ ಸ್ವಾಮಿ, ಇಷ್ಟು ಜನ ನೋಡಿದ್ದೀರ, ಒಬ್ಬರಾದರೂ ಹೇಳಬಾರದಾ?" ಅಂತ ರೇಗಿದೆ.

ಊರಿನ ಹಿರಿಯರೊಬ್ಬರು ಸಮಾಧಾನವಾಗಿ ಹೇಳಿದರು: "ಸತ್ತೋನ್ಗೆ ಚಿಕ್ಕಂದಿನಿಂದ್ಲೂ ಕತ್ಲು ಅಂದ್ರೆ ಭಯ ಕಣಪ್ಪ. ಮಗ ಗುಂಡಿ ಒಳೀಕೆ ಲೈಟ್ ಹಾಕುಸ್ತಾವ್ನೆ ಅನ್ಕಂಡೆ."

೨. ಕಾಲು

ಮೂಟೆ ಸಹವಾಸ ಬೇಡ, ಮನುಷ್ಯನೇ ವಾಸಿ ಅಂತ ತೀರ್ಮಾನಿಸಿದೆ. ಮಾಗಡಿ ಕಡೆ, ಸಾವನದುರ್ಗದ ಗಾಳಿ ನೇರ ಅಂಗಳಕ್ಕೇ ನುಗ್ಗುವ ಒಂದು ಮನೆ. ಕುರಿ ಸಾಕಿಕೊಂಡಿದ್ದ ಯಜಮಾನ ಹೋಗಿದ್ದರು. ಅಲ್ಲಿ ದಪ್ಪಗೆ ಒಬ್ಬ ನಿಂತಿದ್ದ. "ಅಣ್ಣಾ, ಒಸಿ ಈ ಸ್ಟ್ಯಾಂಡಿನ ಬುಡದ ಮೇಲೆ ಕಾಲಿಟ್ಟು ನಿಂತ್ಕೊಳಿ. ನೀವು ಕಾಲೆತ್ತಿದ್ರೆ ನಿಮ್ಮ ಯಜಮಾನರ ಫೋಟೋ ಇಲ್ಲ ಅಂತಲೇ ತಿಳ್ಕೊಳಿ" ಅಂದೆ. ಸ್ವಲ್ಪ ಜಾಸ್ತಿಯೇ ಹೆದರಿಸಿದೆ ಅನ್ನಿಸುತ್ತೆ. ಅವನು ಸತ್ತವರ ಮಗ ಅಂತ ನನಗೇನು ಗೊತ್ತು!

ಅಷ್ಟರಲ್ಲಿ ಕನಕಪುರಕ್ಕೆ ಕೊಟ್ಟಿದ್ದ ಮಗಳು ಬಸ್ಸಿಳಿದು ಎದೆ ಬಡಿದುಕೊಳ್ಳುತ್ತ ಬಂದಳು. ಅಂಗಳವೆಲ್ಲ ಗೊಳೋ ಅಂತು. ಎಲ್ಲರೂ ಹೋಗಿ ಅವಳನ್ನು ತಬ್ಬಿಕೊಂಡರು. ಅವಳ ತಮ್ಮ ಮಾತ್ರ ನಿಂತಲ್ಲಿಂದ ಬರಲಿಲ್ಲ.

"ನೋಡ್ರವ್ವಾ, ಸತ್ತಿರೋದು ನಮ್ಮಪ್ಪ, ಇವ್ನು ಕಂಬ ಕಾಯ್ತಾ ನಿಂತವ್ನೆ!" ಅಂತ ಅಕ್ಕ ಕೂಗಿದಳು.

ಅವನ ಕಣ್ಣಲ್ಲಿ ಧಾರೆ. ಎರಡೂ ಕೈ ಚಾಚಿ, ನಿಂತಲ್ಲಿಂದಲೇ ಅಂದ: "ಅಕ್ಕಾ, ನೀನೇ ಇಲ್ಲಿಗೆ ಬಾರಕ್ಕಾ. ನಾನು ಕಾಲೆತ್ತಂಗಿಲ್ಲ!"

೩. ಇಬ್ಬರದೇ

ಇದು ಬೈರಾಪಟ್ಟಣದ ಆಚೆಯ ಒಂದು ಹಳ್ಳಿಯಲ್ಲಿ ಆದದ್ದು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದ ಅಜ್ಜ. ಹಾಗೇ ಮಾಡಿ ಎಂಬತ್ತೆರಡು ವರ್ಷ ಬದುಕಿದ್ದ, ತಪ್ಪು ಅನ್ನುವುದಕ್ಕೂ ಆಗುವುದಿಲ್ಲ. ಮನೆಯಲ್ಲಿ ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ.

ನಾನು ಸ್ಟ್ಯಾಂಡು ಹೂಡುತ್ತಿದ್ದಾಗ ಅಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಗಾ, ಅವ್ರುದೂ ನಂದೂ ಜೊತೇಲಿ ಒಂದೂ ಫೋಟ ಇಲ್ಲ. ಅರವತ್ತು ವರ್ಸ ಕೇಳ್ದೆ, ಕೂರ್ನಿಲ್ಲ. ಇವತ್ತು ಎದ್ದೋಗಕ್ಕಾಯಾಕಿಲ್ವಲ್ಲ. ಇಬ್ರುದೇ ಒಂದು ತೆಗ್ದುಕೊಡಪ್ಪ."

"ಆಗ್ಲಿ ಅವ್ವ, ಮೊದಲು ನಿಮ್ಮದೇ" ಅಂದೆ.

ಹಿರಿಮಗ ಬಿಡಬೇಕಲ್ಲ! "ಸುಮ್ಕಿರವ್ವ, ಟೈಮಾಯ್ತೈತೆ. ಎಲ್ರುದೂ ಒಂದು ತೆಗುದ್ಬುಟ್ಟು ಎತ್ತೋದೇ" ಅಂತ ಹೇಳಿ ಎಲ್ಲರನ್ನೂ ಕೂಗಿದ. ಗಂಡುಮಕ್ಕಳು, ಅಳಿಯಂದಿರು, ದಾಯಾದಿಗಳು ಕುರ್ಚಿಗೆ ಮುತ್ತಿಕೊಂಡರು. ಯಾರು ಯಾರ ಪಕ್ಕ ನಿಲ್ಲಬೇಕು ಅಂತ ಅಲ್ಲೇ ಜಗಳ. ಅಜ್ಜಿ ತಳ್ಳಿಸಿಕೊಂಡು ತಳ್ಳಿಸಿಕೊಂಡು ಕಡೇ ಸಾಲಿಗೆ ಹೋದರು. ಅವರ ಸೆರಗಿನ ತುದಿ ಮಾತ್ರ ನನಗೆ ಕಾಣುತ್ತಿತ್ತು. ಎಲ್ಲರನ್ನೂ ಬೈದು ಓಡಿಸುವಷ್ಟು ಸಿಟ್ಟು ಬಂತು, ಆದರೆ ಫೋಟೋದವನ ಮಾತು ಯಾರು ಕೇಳುತ್ತಾರೆ?

ಆವತ್ತು ಸ್ಟ್ಯಾಂಡಿಗೆ ಮಾತ್ರ ಏನೂ ಕಮ್ಮಿ ಮಾಡಿರಲಿಲ್ಲ. ಮೂರೂ ಕಾಲು ಅಗಲಿಸಿ, ಒಂದು ಕಾಲನ್ನು ಕೊಡೆ ವಾಲುವ ದಿಕ್ಕಿಗೆ ಇಟ್ಟಿದ್ದೆ. ಕತ್ತಿನ ತಿರುಪು, ಫ್ಲ್ಯಾಷ್ ಕೂರುವ ಜಾಗದ ತಿರುಪು ಎರಡನ್ನೂ ಬಿಗಿ ಮಾಡಿ, ಮೇಲೊಂದು ದಾರ ಸುತ್ತಿ, ಬುಡಕ್ಕೆ ತುಂಬಿದ ನೀರಿನ ಕ್ಯಾನು ಕಟ್ಟಿದ್ದೆ. ಬಿರುಗಾಳಿ ಬಂದರೂ ಅಲುಗಬಾರದು.

ಬಿಸಿಲಿಗೆ ಒಬ್ಬ ಸೊಸೆಗೆ ತಲೆ ಸುತ್ತಿತು. "ನೀರು, ನೀರು!" ಅಂದರು. ಒಬ್ಬ ಪುಣ್ಯಾತ್ಮ ಹಗ್ಗ ಬಿಚ್ಚಿ ಕ್ಯಾನು ಎತ್ತಿಕೊಂಡು ಹೋದ. ನಾನು ಕ್ಯಾಮೆರಾದಲ್ಲಿ ಕಣ್ಣಿಟ್ಟು "ರೆಡೀ" ಅನ್ನುವುದಕ್ಕೂ ಗಾಳಿ ಬೀಸುವುದಕ್ಕೂ ಸರಿಹೋಯಿತು.

ಸ್ಟ್ಯಾಂಡು ನೇರ ಅಜ್ಜನ ಮೈಮೇಲೆ ಬಿತ್ತು. ಗಾಬರಿಗೆ ನನ್ನ ಬೆರಳು ಬಟನ್ ಒತ್ತಿಬಿಟ್ಟಿತು. ಅಜ್ಜನ ತೊಡೆ ಮೇಲಿಂದ ಪಳಾರ್ ಅಂತ ಬೆಳಕು, ಜೊತೆಗೆ ಸ್ಟ್ಯಾಂಡು ಬಿದ್ದ ರಭಸಕ್ಕೆ ತಲೆ ಒಂದು ಸಲ ಮೇಲಕ್ಕೆದ್ದು ಎದೆಗೆ ಬಿತ್ತು.

"ಎದ್ರು ಕಣ್ಲಾ!" ಅಂತ ಯಾರೋ ಕಿರುಚಿದರು. ಅಷ್ಟೇ. ದಾಯಾದಿಗಳು ರಸ್ತೆಯಲ್ಲಿ, ಅಳಿಯಂದಿರು ಹಿಪ್ಪುನೇರಳೆ ತೋಟದಲ್ಲಿ. ಹಿರಿಮಗ ಕೊಟ್ಟಿಗೆ ಬಾಗಿಲು ಒಳಗಿಂದ ಹಾಕಿಕೊಂಡ.

ಅಂಗಳದಲ್ಲಿ ಉಳಿದದ್ದು ಕುರ್ಚಿಯ ಮೇಲೆ ಅಜ್ಜ, ನಾನು, ಮತ್ತೆ ಅಜ್ಜಿ. ಅವರು ಒಂದು ಹೆಜ್ಜೆಯೂ ಕದಲಿರಲಿಲ್ಲ. ಮುಂದೆ ಬಂದು ಗಂಡನ ತಲೆ ನೆಟ್ಟಗೆ ಮಾಡಿದರು, ಹಾರ ಸರಿಪಡಿಸಿದರು. ಸ್ಟ್ಯಾಂಡನ್ನು ಎತ್ತಿ ನಿಲ್ಲಿಸಿ ನನ್ನ ಕೈಗೆ ಕೊಟ್ಟರು. ಒಂದು ಕುರ್ಚಿ ಎಳೆದುಕೊಂಡು ಅಜ್ಜನ ಪಕ್ಕ ಭುಜಕ್ಕೆ ಭುಜ ತಾಗುವಂತೆ ಕೂತು, ಸೆರಗು ಹೊದ್ದುಕೊಂಡು ಹೇಳಿದರು:

"ಬಿರ್ನೆ ತೆಗಿ ಮಗಾ, ಅವ್ರೆಲ್ಲಾ ತಿರ್ಗಾ ಬರೋದ್ರೊಳ್ಗೆ."